ಕೃಷಿ ಹೊಂಡ: ತೋಡುವ ಮುಂಚೆ ಏನು, ತೋಡುವಾಗ ಏನು, ತುಂಬಿದ ಮೇಲೆ ಏನು

ಮಳೆಗಾಲ ಮುಗಿದ ಮೇಲೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಹಳ್ಳಿ ದಾರಿಯಲ್ಲಿ ಹೋದರೆ ಒಂದು ನೋಟ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಹೊಲದ ಮೂಲೆಯಲ್ಲಿ ಮಳೆ ನೀರು ಹಿಡಿದಿಡಲು ತೋಡಿದ ಚೌಕದ ಹೊಂಡ, ಒಳಗೆ ಹರಿದು ಜೋತುಬಿದ್ದ ಕಪ್ಪು ಶೀಟು, ತಳದಲ್ಲಿ ಮೊಣಕಾಲುದ್ದ ಹೂಳು, ಹೂಳಿನ ಮೇಲೆ ಪಾರ್ಥೇನಿಯಂ. ಪಕ್ಕದಲ್ಲೇ ಅರ್ಧಕ್ಕೆ ಒಣಗಿದ ರಾಗಿ. ಜಾಗ ಕೊಟ್ಟಿದ್ದಾರೆ, ದುಡ್ಡು ಹಾಕಿದ್ದಾರೆ, ಕಚೇರಿಗೆ ಅಲೆದಿದ್ದಾರೆ, ಆದರೂ ಬೇಕಾದ ದಿನ ನೀರಿಲ್ಲ.

"ಹೊಂಡ ತೆಗೆಸಿದ್ವಿ, ನೀರು ನಿಲ್ತಿಲ್ಲ, ಏನು ಮಾಡೋದು?" ಜನ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. ಹೋಗಿ ನೋಡಿದರೆ ತಪ್ಪು ಹೆಚ್ಚುಕಡಿಮೆ ಒಂದೇ ಥರ. ಕೆಲಸದ ಕ್ರಮ ತಿರುಗಾಮುರುಗಾ ಆಗಿರುತ್ತದೆ. ಹೊಂಡ ಮೊದಲು ಬಂದಿರುತ್ತದೆ, ಬದು ಆಮೇಲೆ, ನೀರಿನ ಜೊತೆ ಬರುವ ಮಣ್ಣನ್ನು ತಡೆಯುವ ಹೂಳು ಗುಂಡಿ ಬಂದೇ ಇರುವುದಿಲ್ಲ. ಅದಕ್ಕೇ ಇಲ್ಲಿ ಕ್ರಮದ ಬಗ್ಗೆಯೇ ಬರೆಯುತ್ತಿದ್ದೇನೆ.

ಇದು ಮಳೆಯನ್ನೇ ನಂಬಿದ ಕೆಂಪು ಮಣ್ಣಿನ ಹೊಲಕ್ಕೆ, ರಾಗಿ, ತೊಗರಿ, ಅವರೆ, ಕಡಲೆಕಾಯಿ ಇಡುವವರಿಗೆ. ನಮ್ಮ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ. ತೊಂದರೆ ಇರುವುದು ಅದು ಬೀಳುವ ರೀತಿಯಲ್ಲಿ. ಬಿತ್ತಿದ ಮೇಲೆ ಮೂರು ವಾರ ಮೋಡ ಸುಮ್ನೆ ಹಾದುಹೋಗುತ್ತದೆ, ಆಮೇಲೆ ಒಂದೇ ರಾತ್ರಿ ಸುರಿದು ಮೇಲ್ಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಅದರ ಹಿಂದಿನ ವರ್ಷವೇ ಹೊಲದಲ್ಲಿ ನೀರು ನಿಂತು ಬೆಳೆ ಕೊಳೆತಿತ್ತು. ಎರಡನ್ನೂ ತಡೆಯುವ ಹೊಲ ಬೇಕು ಅಂದರೆ ಕೆಳಗಿನ ಹಂತಗಳನ್ನು ಹಿಂದೆಮುಂದೆ ಮಾಡದೆ ಹೋಗಿ.

## ಮೊದಲು ಇವಿಷ್ಟನ್ನು ಜೋಡಿಸಿಕೊಳ್ಳಿ

ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪು, 50 ಅಡಿ. ಅಳತೆ ಟೇಪು, ಗೂಟ, ಸುಣ್ಣದ ಪುಡಿ, ಹುರಿ. ಗುದ್ದಲಿ, ಹಾರೆ, ಮಂಕರಿ. ನೆಟ್ಟಗಿನ ಗೋಡೆಯ ನಾಲ್ಕು ಖಾಲಿ ಡಬ್ಬಿ, ಅದು ಯಾಕೆ ಅಂತ ಹತ್ತನೇ ಹಂತದಲ್ಲಿ ಹೇಳುತ್ತೇನೆ. ಜೆಸಿಬಿ ಬರುವುದು ಆರನೇ ಹಂತಕ್ಕೆ. ಅದಕ್ಕಿಂತ ಮುಂಚೆ ಕರೆಸಬೇಡಿ, ಕರೆಸಿದರೆ ಅದು ಗಂಟೆ ಲೆಕ್ಕದಲ್ಲಿ ನಿಂತಿರುತ್ತದೆ, ನೀವು ಆತುರದಲ್ಲಿ "ಇಲ್ಲೇ ತೋಡಪ್ಪ" ಅಂದುಬಿಡುತ್ತೀರಿ.

## ಹಂತ 1: ಮಳೆ ಬರುವಾಗ ಹೊಲ ಸುತ್ತಿ

ಒಣಗಿದ ಹೊಲದಲ್ಲಿ ನಿಂತು ನೀರಿನ ದಾರಿ ಊಹಿಸಲು ಹೋಗಬೇಡಿ. ಏಪ್ರಿಲ್ ಕೊನೆಯಲ್ಲಿ, ಮೇ ತಿಂಗಳಲ್ಲಿ ಭರಣಿ, ಕೃತಿಕಾ ಮಳೆ ಬೀಳುತ್ತದಲ್ಲ, ಒಂದು ಜೋರು ಮಳೆಯಲ್ಲಿ ಗೋಣಿ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗಿ. ಗುಡುಗು ಸಿಡಿಲು ಇದ್ದರೆ ಬೇಡ, ಮಳೆ ನಿಂತ ಕೂಡಲೇ ಹೋದರೂ ನಡೆಯುತ್ತದೆ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಕೊರೆಯುತ್ತದೆ, ಎಲ್ಲಿ ಆಚೆ ಹೋಗುತ್ತದೆ ನೋಡಿ, ಗೂಟ ಹೊಡೆದು ಗುರುತು ಮಾಡಿ.

ಮನೆಯ ಹೆಂಗಸರನ್ನು ಕೇಳಿ. ಕಳೆ ಕೀಳುವವರು ಅವರು, ಹೊಲದ ಒಂದೊಂದು ಅಡಿಯೂ ಅವರಿಗೆ ಗೊತ್ತು. ಒಂದು ಕಡೆ ನಾನೂ ಮನೆಯ ಯಜಮಾನರೂ ಜಾಗ ಆರಿಸಿ ಸುಣ್ಣ ಹಾಕಿ ಮುಗಿಸಿದ್ದೆವು. ಹುಲ್ಲಿನ ಹೊರೆ ಹೊತ್ತು ಬಂದ ಅಜ್ಜಿ ನೋಡಿ, "ಇಲ್ಲಿಗ್ಯಾಕೆ ಬರ್ತದೆ ನೀರು? ಆ ಹುಣಿಸೆ ಮರದ ಬುಡದಾಗೆ ಹರಿಯೋದು ಕಣಪ್ಪ" ಅಂದರು. ಮುಂದಿನ ಮಳೆಯಲ್ಲಿ ನೋಡಿದರೆ ಅವರು ಹೇಳಿದ್ದೇ ಸರಿ. ನಾವು ಆರಿಸಿದ ಜಾಗದಲ್ಲಿ ನೆಲ ಬರೀ ತೇವ ಆಗಿತ್ತು.

ನೀವು ರೈತರ ಜೊತೆ ಕೆಲಸ ಮಾಡುವವರಾಗಿದ್ದರೆ, ಸಂಘದಿಂದಲೋ ಇಲಾಖೆಯಿಂದಲೋ ಹೋಗುವವರಾಗಿದ್ದರೆ, ಈ ಹಂತವನ್ನು ದಯವಿಟ್ಟು ಬಿಡಬೇಡಿ.

## ಹಂತ 2: ಬಿದ್ದ ನೀರನ್ನು ಬಿದ್ದಲ್ಲೇ ನಿಲ್ಲಿಸಿ

ಇದೇ ಎಲ್ಲದಕ್ಕಿಂತ ಮುಖ್ಯವಾದ ಹಂತ, ಜನ ಜಾಸ್ತಿ ಹಾರಿಸುವುದೂ ಇದನ್ನೇ. ಹೊಂಡಕ್ಕೆ ಬರಬೇಕಾದದ್ದು ಹೊಲ ಕುಡಿದು ಬಿಟ್ಟ ನೀರು ಮಾತ್ರ. ಹೊಲ ಕುಡಿಯುವ ಮೊದಲೇ ಓಡಿ ಬಂದರೆ ಅದರ ಜೊತೆ ನಿಮ್ಮ ಗೊಬ್ಬರ, ಮೇಲ್ಮಣ್ಣು ಎಲ್ಲ ಬಂದು ಹೊಂಡದಲ್ಲಿ ಕೂರುತ್ತದೆ.

ಉಳುಮೆ, ಬಿತ್ತನೆ ಎರಡೂ ಇಳಿಜಾರಿಗೆ ಅಡ್ಡಲಾಗಿ. ಟ್ರ್ಯಾಕ್ಟರ್‌ನವರು ತಿರುಗಿಸಲು ಸಲೀಸು ಅಂತ ಹೊಲದ ಉದ್ದಕ್ಕೆ ಹೊಡೆದುಬಿಡುತ್ತಾರೆ. ಆ ಉದ್ದ ಇಳಿಜಾರಿನ ದಿಕ್ಕಿಗೇ ಇದ್ದರೆ ಪ್ರತಿ ಸಾಲೂ ಒಂದು ಚರಂಡಿ. ನೀವು ಜೊತೆಗೆ ನಿಂತು ಹೊಡೆಸಿ.

ಬದು ಹಾಕುವ ಮೊದಲು ಲೆವೆಲ್ ಪೈಪಿನಲ್ಲಿ ಸಮಮಟ್ಟದ ಗೆರೆ ಹುಡುಕಿ. ಪೈಪಿಗೆ ನೀರು ತುಂಬಿ, ಗಾಳಿ ಗುಳ್ಳೆ ಇಲ್ಲದ ಹಾಗೆ ನೋಡಿಕೊಂಡು, ಎರಡು ತುದಿಯನ್ನು ಒಂದೇ ಎತ್ತರದ ಎರಡು ಕೋಲಿಗೆ ಕಟ್ಟಿ. ಒಬ್ಬರು ಒಂದು ಕಡೆ ನಿಲ್ಲಲಿ, ಇನ್ನೊಬ್ಬರು ಮೇಲೆ ಕೆಳಗೆ ಸರಿದಾಡಲಿ. ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ಬಂದಾಗ ಆ ಎರಡು ಜಾಗ ಒಂದೇ ಮಟ್ಟ. ಅಲ್ಲಿ ಸುಣ್ಣ ಹಾಕಿ, ಮುಂದಕ್ಕೆ ಹೋಗಿ. ಗೆರೆ ಹಾವಿನ ಥರ ಸೊಟ್ಟಗೆ ಬರುತ್ತದೆ, ಬರಲಿ. ಚೆಂದ ಕಾಣಲಿ ಅಂತ ನೇರ ಮಾಡಿದರೆ ತಗ್ಗಿನಲ್ಲಿ ನೀರು ಸೇರಿ ಬದು ಒಡೆಯುತ್ತದೆ.

100 ಅಡಿಗೆ 2 ಅಡಿ ಇಳಿಜಾರು ಇರುವ ಹೊಲದಲ್ಲಿ ಸುಮಾರು 100 ಅಡಿಗೆ ಒಂದು ಬದು ಸಾಕು. ಬುಡ 4ರಿಂದ 5 ಅಡಿ, ಎತ್ತರ ಒಂದೂವರೆಯಿಂದ 2 ಅಡಿ. ಪ್ರತಿ ಬದುವಿಗೂ ಒಂದು ಕಡೆ ಕಲ್ಲು ಜೋಡಿಸಿದ ಚಿಕ್ಕ ಕೋಡಿ ಬೇಕು, ಹೆಚ್ಚಾದ ನೀರು ಕೊರೆಯದೆ ಇಳಿಯಲು. ಬದುವಿನ ಮೇಲೆ ಹುಲ್ಲು, ಗ್ಲಿರಿಸೀಡಿಯಾ ಹಾಕಿ. ಮಣ್ಣೂ ನಿಲ್ಲುತ್ತದೆ, ದನಕ್ಕೆ ಮೇವು, ಹೊಲಕ್ಕೆ ಹಸಿರೆಲೆ ಗೊಬ್ಬರವೂ ಆಗುತ್ತದೆ.

ಬದುಗಳ ನಡುವೆ, ಪ್ರತಿ 8 ಸಾಲು ರಾಗಿಗೆ 2 ಸಾಲು ತೊಗರಿ ಇಟ್ಟು, ಆ ಜೋಡಿ ತೊಗರಿ ಸಾಲಿನ ನಡುವೆ ಒಂದು ಆಳದ ಸಾಲು ಎಳೆಯಿರಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಒಣ ಬೇಸಾಯ ವಿಭಾಗದವರು ಬಹಳ ವರ್ಷದಿಂದ ಹೇಳುತ್ತಿರುವ ಪದ್ಧತಿ ಇದು. ನೆಲಮಂಗಲ ತಾಲೂಕಿನ ಚಿಕ್ಕಮಾರನಹಳ್ಳಿಯಲ್ಲಿ ರೈತರ ಹೊಲದಲ್ಲೇ ಮಾಡಿ ತೋರಿಸಿದ್ದಾರೆ. ಮಳೆ ಕಡಿಮೆಯಾದರೆ ಸಾಲು ನೀರು ಹಿಡಿಯುತ್ತದೆ, ಜಾಸ್ತಿಯಾದರೆ ಅದೇ ಸಾಲು ನೀರನ್ನು ಹೊರಗೆ ಕಳಿಸುತ್ತದೆ. ಮುಖ್ಯ ಬೆಳೆಯ ನಡುವೆ ಬೇರೆ ಬೆಳೆ ಇಡುವ ನಮ್ಮ ಹಿರಿಯರ ಅಕ್ಕಡಿ ಸಾಲಿಗೆ ಒಂದು ಕಾಲುವೆ ಸೇರಿಸಿದ ಹಾಗೆ, ಅಷ್ಟೇ.

ಈ ಹಂತ ಮುಗಿದ ಮೇಲೆ ಒಂದು ಮಳೆ ನೋಡಿ. ಹೊಲದಿಂದ ಆಚೆ ಹೋಗುವ ನೀರು ಟೀ ಬಣ್ಣಕ್ಕಿಂತ ತಿಳಿಯಾಗಿದ್ದರೆ ಮುಂದಕ್ಕೆ ಹೋಗಿ. ಇನ್ನೂ ಕೆಂಪಗೆ ಗಟ್ಟಿಯಾಗಿ ಹರಿಯುತ್ತಿದ್ದರೆ ಬದು ಸಾಲದು ಅಂತ ಅರ್ಥ.

## ಹಂತ 3: ಲೆಕ್ಕ ಹಾಕಿ, ಪಕ್ಕದವರ ಹೊಂಡ ನೋಡಿ ಅಳತೆ ಆರಿಸಬೇಡಿ

ಒಂದೇ ಒಂದು ಲೆಕ್ಕ ನೆನಪಿಡಿ. ಒಂದು ಎಕರೆ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್. ತಿರುಗಿಸಿ ನೋಡಿದರೆ, ಒಂದು ಎಕರೆಗೆ ಒಂದು ಹದ ಮಳೆಯಷ್ಟು ನೀರು ಕೊಡಬೇಕಾದರೆ ನಿಮಗೆ 1 ಲಕ್ಷ ಲೀಟರ್ ಬೇಕು.

ವರ್ಷಕ್ಕೆ 700 ಮಿಲಿಮೀಟರ್ ಅಂದರೆ ಎಕರೆಗೆ 28 ಲಕ್ಷ ಲೀಟರ್. ಬದು ಇರುವ ಕೆಂಪು ಮಣ್ಣಿನಲ್ಲಿ ಅದರ ಹತ್ತನೇ ಒಂದು ಪಾಲು ಹರಿದು ಬರುತ್ತದೆ ಅಂತ ಹಿಡಿದರೆ ಎಕರೆಗೆ 2.8 ಲಕ್ಷ ಲೀಟರ್, ಅದೂ ಇಡೀ ವರ್ಷಕ್ಕೆ. ಈಗ ಹೊಂಡದ ಅಳತೆ ನೋಡಿ. ಆಳ 3 ಮೀಟರ್, ಗೋಡೆ ಒಂದಕ್ಕೊಂದು ಇಳಿಜಾರು, ಅಂದರೆ 3 ಮೀಟರ್ ಇಳಿಯುವಷ್ಟರಲ್ಲಿ 3 ಮೀಟರ್ ಒಳಗೆ ಬರುತ್ತದೆ:

- ಮೇಲ್ಭಾಗ 10 × 10 ಮೀಟರ್: ಸುಮಾರು 1.56 ಲಕ್ಷ ಲೀಟರ್
- ಮೇಲ್ಭಾಗ 12 × 12 ಮೀಟರ್: ಸುಮಾರು 2.52 ಲಕ್ಷ ಲೀಟರ್
- ಮೇಲ್ಭಾಗ 15 × 15 ಮೀಟರ್: ಸುಮಾರು 4.41 ಲಕ್ಷ ಲೀಟರ್
- ಮೇಲ್ಭಾಗ 21 × 21 ಮೀಟರ್: ಸುಮಾರು 9.81 ಲಕ್ಷ ಲೀಟರ್

ಇಲ್ಲಿ ಜನ ಮೋಸ ಹೋಗುತ್ತಾರೆ. 12ನ್ನು 12ರಿಂದ, ಮತ್ತೆ 3ರಿಂದ ಗುಣಿಸಿ "4.32 ಲಕ್ಷ ಲೀಟರ್ ಹಿಡಿಯುತ್ತೆ" ಅನ್ನುತ್ತಾರೆ. ಗೋಡೆ ಇಳಿಜಾರು ಇರುವುದರಿಂದ ಅಷ್ಟು ಹಿಡಿಯುವುದಿಲ್ಲ. ಎರಡು ಎಕರೆ ಹೊಲಕ್ಕೆ 12 × 12 ಸರಿಯಾದ ಅಳತೆ ಅಂತ ನನ್ನ ಅನುಭವ. ಸಹಾಯಧನ ಜಾಸ್ತಿ ಸಿಗುತ್ತದೆ ಅಂತ ಎರಡು ಎಕರೆಗೆ 21 × 21 ತೋಡಿದರೆ ಅರ್ಧ ಖಾಲಿ ನಿಂತ ಶೀಟು ಬಿಸಿಲಿಗೆ, ಗಾಳಿಗೆ ಹಾಳಾಗುತ್ತದೆ. ಜಮೀನೂ ಹೋಯಿತು.

## ಹಂತ 4: ಜಾಗ ಮತ್ತು ಪರೀಕ್ಷೆ ಗುಂಡಿ

ಹೊಲದ ತಗ್ಗಿನ ಕಡೆ, ಮೊದಲ ಹಂತದಲ್ಲಿ ನೋಡಿದ ನೀರಿನ ದಾರಿಯ ಪಕ್ಕದಲ್ಲಿ. ಪಕ್ಕದಲ್ಲಿ ಅಂದೆ, ದಾರಿಯಲ್ಲೇ ಅಲ್ಲ. ಹಳ್ಳದ ನಡುವೆ ತೋಡಿದ ಹೊಂಡ ಒಂದೇ ದೊಡ್ಡ ಮಳೆಗೆ ಮುಚ್ಚಿಹೋಗುತ್ತದೆ. ದೊಡ್ಡ ಮರದಿಂದ ದೂರ ಇರಲಿ, ಬೇರು ಶೀಟು ತೂತು ಮಾಡುತ್ತದೆ. ಕರೆಂಟ್ ತಂತಿ ಕೆಳಗೆ ಬೇಡ. ಮನೆ, ಶಾಲೆ, ಮಕ್ಕಳು ಓಡಾಡುವ ದಾರಿ ಹತ್ತಿರ ಬೇಡವೇ ಬೇಡ.

ಜಾಗ ಗೊತ್ತಾದ ಮೇಲೆ ಆಳದ ಒಂದು ಪರೀಕ್ಷೆ ಗುಂಡಿ ತೋಡಿ. ಐದಾರು ಅಡಿಗೇ ಬಂಡೆ ಸಿಕ್ಕರೆ ಜಾಗ ಬದಲಿಸಿ. ಬಂಡೆ ಇಲ್ಲ ಅಂದರೆ ಸಂಜೆ ಗುಂಡಿಗೆ ಎರಡು ಅಡಿ ನೀರು ಹಾಕಿ ನೆನೆಯಲು ಬಿಡಿ. ಮಾರನೇ ದಿನ ಮತ್ತೆ ಅಷ್ಟೇ ಹಾಕಿ ಕಡ್ಡಿ ಚುಚ್ಚಿ ಗುರುತು ಮಾಡಿ. ರಾತ್ರಿ ಕಳೆಯುವಷ್ಟರಲ್ಲಿ ಒಂದು ಗೇಣಿಗಿಂತ ಜಾಸ್ತಿ ಇಳಿದರೆ ಒಳಗೆ ಶೀಟಿನದೋ ಸಿಮೆಂಟಿನದೋ ಹೊದಿಕೆ ಇಲ್ಲದೆ ನೀರು ನಿಲ್ಲುವುದಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಬಹುಪಾಲು ಕಡೆ ಇಳಿದೇ ಇಳಿಯುತ್ತದೆ. ವಿಜಯಪುರ, ಗದಗ ಕಡೆಯ ಎರೆ ಭೂಮಿಯವರಿಗೆ ಈ ತಲೆನೋವು ಕಡಿಮೆ, ಎರೆ ಮಣ್ಣು ನೆನೆದು ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ.

## ಹಂತ 5: ಕಾಗದದ ಕೆಲಸ

ಸಹಾಯಧನ ಬೇಕು ಅಂದರೆ ಮೊದಲು ಅರ್ಜಿ, ಆಮೇಲೆ ಗುದ್ದಲಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫ್ರೂಟ್ಸ್ ಐಡಿ (ಸರ್ಕಾರದ ರೈತರ ನೋಂದಣಿ ಸಂಖ್ಯೆ) ತೆಗೆದುಕೊಂಡು ಹೋಗಿ. ಕಾರ್ಯಾದೇಶ ಕೈಗೆ ಬರುವ ಮುಂಚೆ ತೋಡಿಬಿಟ್ಟು ಆಮೇಲೆ ದುಡ್ಡು ಸಿಗದೆ ಅಳುವವರನ್ನು ನೋಡಿದ್ದೇನೆ.

2014-15ರಲ್ಲಿ ಶುರುವಾದ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡ ಒಂದೇ ಇಲ್ಲ. ಕ್ಷೇತ್ರ ಬದು, ಹೊಂಡ, ಹೊದಿಕೆ, ತಂತಿ ಬೇಲಿ, ಪಂಪು, ತುಂತುರು ಅಥವಾ ಹನಿ ನೀರಾವರಿ, ಎಲ್ಲ ಒಂದು ಪೊಟ್ಟಣ. ಆ ಪಟ್ಟಿಯ ಕ್ರಮದಲ್ಲೇ ಬದು ಮೊದಲಿದೆ ನೋಡಿ. ಈ ವರ್ಷ ಯಾವುದಕ್ಕೆ ಎಷ್ಟು ಅಂತ ಕೇಂದ್ರದಲ್ಲಿ ಕೇಳಿ ಬರೆದುಕೊಳ್ಳಿ. ಬೇಲಿ ಸಿಗುವುದಿಲ್ಲ ಅಂದರೂ ಬೇಲಿ ಬಿಡಬೇಡಿ.

## ಹಂತ 6: ತೋಡುವುದು

ಹೊಸ ಮಳೆ ಬರುವ ಮುಂಚೆ, ಫೆಬ್ರವರಿಯಿಂದ ಏಪ್ರಿಲ್ ನಡುವೆ. ಅಂದರೆ ಮೊದಲ ಎರಡು ಹಂತ ಅದರ ಹಿಂದಿನ ಮಳೆಗಾಲದಲ್ಲೇ ಆಗಿರಬೇಕು. ಹೌದು, ಪೂರ್ತಿ ಕೆಲಸಕ್ಕೆ ಒಂದು ವರ್ಷ ಹಿಡಿಯುತ್ತದೆ.

ಸುಣ್ಣದಲ್ಲಿ ಎರಡು ಚೌಕ ಹಾಕಿ, ಹೊರಗಿನದು ಮೇಲ್ಭಾಗ, ಒಳಗಿನದು ತಳ. 12 × 12ರ ಹೊಂಡಕ್ಕೆ ತಳ 6 × 6. ಜೆಸಿಬಿಯವರಿಗೆ ಮೊದಲು ತಳದ ಚೌಕವನ್ನು ನೆಟ್ಟಗೆ ತೋಡಲು ಹೇಳಿ, ಗೋಡೆಯನ್ನು ಆಮೇಲೆ ಕೆರೆದು ಇಳಿಜಾರು ಮಾಡಿ. ಮಣ್ಣು ಉದುರುವ ಜಾತಿಯದಾದರೆ ಗೋಡೆ ಇನ್ನೂ ಓರೆ ಇರಲಿ, 1 ಮೀಟರ್ ಇಳಿದರೆ ಒಂದೂವರೆ ಮೀಟರ್ ಒಳಗೆ. ಆಗ ಹಿಡಿಯುವ ನೀರು 1.89 ಲಕ್ಷ ಲೀಟರ್‌ಗೆ ಇಳಿಯುತ್ತದೆ, ಪರವಾಗಿಲ್ಲ. ಗೋಡೆ ಕುಸಿದರೆ ಎಲ್ಲವೂ ಹೋಗುತ್ತದೆ.

ಮೇಲಿನ ಒಂದು ಅಡಿ ಮಣ್ಣನ್ನು ಬೇರೆ ಇಡಿ. ಅದು ನಿಮ್ಮ ಹೊಲದ ಜೀವ, ವಾಪಸ್ ಹೊಲಕ್ಕೇ ಹರಡಿ. ಕೆಳಗಿನ ಗರಸು ಮಣ್ಣು ಬೇರೆ ರಾಶಿ. ಟ್ರೇಲರ್‌ಗೆ 3 ಘನ ಮೀಟರ್ ಹಿಡಿದರೂ 80ಕ್ಕಿಂತ ಜಾಸ್ತಿ ಲೋಡು ಬರುತ್ತದೆ, ಎಲ್ಲಿ ಹಾಕುವುದು ಅಂತ ಮೊದಲೇ ಯೋಚಿಸಿ. ಹೊಂಡದ ಅಂಚಿಗೇ ಸುರಿದರೆ ಮೊದಲ ಮಳೆಗೆ ವಾಪಸ್ ಒಳಗೆ. ಅಂಚಿನಿಂದ ಕನಿಷ್ಠ 1 ಮೀಟರ್ ಖಾಲಿ ಬಿಟ್ಟು, ನೀರು ಬರುವ ದಿಕ್ಕು ಬಿಟ್ಟು ಉಳಿದ ಮೂರು ಕಡೆ ಏರಿ ಹಾಕಿ.

## ಹಂತ 7: ಹೂಳು ಗುಂಡಿ, ಒಳಹರಿವು, ಕೋಡಿ

ಹೊಂಡಕ್ಕಿಂತ ಮುಂಚೆ ನೀರು ಒಂದು ಚಿಕ್ಕ ಗುಂಡಿಯಲ್ಲಿ ನಿಂತು ಉಸಿರು ಬಿಡಬೇಕು. 2 ಮೀಟರ್ ಉದ್ದ, 2 ಅಗಲ, 1 ಆಳ. ಹೊಂಡದಿಂದ ಎರಡು ಮೂರು ಮೀಟರ್ ಹಿಂದೆ. ಗುಂಡಿಗೆ ನೀರು ಬರುವ ಕಾಲುವೆಯಲ್ಲಿ ಹುಲ್ಲು ಬೆಳೆಯಲು ಬಿಡಿ, ಕಲ್ಲು ಹಾಸಿ. ಮರಳು, ಮಣ್ಣು ಇಲ್ಲಿ ಕೂರುತ್ತದೆ, ನೀರು ಮುಂದಕ್ಕೆ ಹೋಗುತ್ತದೆ. ಇದಕ್ಕೆ ಒಂದು ದಿನದ ಕೂಲಿ ಸಾಕು. ಇದಿಲ್ಲದ ಹೊಂಡದಲ್ಲಿ ಹೂಳು ತೆಗೆಯಲು ಇಳಿದರೆ ಶೀಟು ಹರಿಯುತ್ತದೆ, ತೆಗೆಯದಿದ್ದರೆ ಹೊಂಡ ತುಂಬುತ್ತದೆ.

ಹೂಳು ಗುಂಡಿಯಿಂದ ಹೊಂಡಕ್ಕೆ ಪೈಪಿನಲ್ಲೇ ನೀರು ತನ್ನಿ. ಎರಡು ಎಕರೆ ಹೊಲಕ್ಕೆ 6 ಇಂಚಿನ ಎರಡು ಪೈಪು. ಪೈಪಿನ ಬಾಯಿ ಹೊಂಡದ ಒಳಕ್ಕೆ ಎರಡು ಅಡಿ ಚಾಚಿರಲಿ. ಈ ಎರಡು ಅಡಿಯ ಬೆಲೆ ನನಗೆ ಗೊತ್ತಾದದ್ದು ನಮ್ಮದೇ ಹೊಂಡದಲ್ಲಿ. ಮೊದಲ ವರ್ಷ ಪೈಪು ಹಾಕದೆ ತೆರೆದ ಕಾಲುವೆಯಲ್ಲೇ ನೀರು ಬಿಟ್ಟಿದ್ದೆವು. ಆಶ್ಲೇಷ ಮಳೆಯ ಒಂದು ರಾತ್ರಿ ನೀರು ಶೀಟಿನ ಮೇಲೆ ಬರುವ ಬದಲು ಅಂಚನ್ನು ಕೊರೆದು ಶೀಟಿನ ಹಿಂದಕ್ಕೆ ಇಳಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಹೊಂಡದ ನಡುವೆ ಶೀಟು ಎಮ್ಮೆಯ ಬೆನ್ನಿನ ಹಾಗೆ ಉಬ್ಬಿ ತೇಲುತ್ತಿತ್ತು, ಮುಟ್ಟಿದರೆ ಕೆಳಗೆ ಕೆಸರು ನೀರು ಗುಳುಗುಳು ಅನ್ನುತ್ತಿತ್ತು. ಹಿಂದಿನ ಮಣ್ಣಿನ ಗೋಡೆ ಎರಡು ಕಡೆ ಕುಸಿದಿತ್ತು. ಆ ವರ್ಷ ಒಂದು ಹನಿಯೂ ರಾಗಿಗೆ ಸಿಗಲಿಲ್ಲ. ಪೂರ್ತಿ ಬಿಚ್ಚಿ, ಗೋಡೆ ಕಟ್ಟಿ, ಮತ್ತೆ ಹಾಸಬೇಕಾಯಿತು.

ಕೋಡಿ ಒಳಹರಿವಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ, ಒಳಹರಿವಿಗಿಂತ ಅಗಲ. ಕಲ್ಲು ಹಾಸಿ, ನೀರು ಹಳ್ಳಕ್ಕೋ ಕಟ್ಟೆಗೋ ಸೇರುವ ಹಾಗೆ ದಾರಿ ಮಾಡಿ. ಪಕ್ಕದವರ ಹೊಲಕ್ಕೆ ನುಗ್ಗುವ ಹಾಗೆ ಬಿಟ್ಟರೆ ಜಗಳ ಖಂಡಿತ. ಮೊದಲೇ ಅವರನ್ನು ಕರೆದು ತೋರಿಸಿ, ಮಾತಾಡಿಕೊಳ್ಳಿ.

## ಹಂತ 8: ಹೊದಿಕೆ

ಎರಡು ದಾರಿ ಇವೆ. ಒಂದು, 6 ಪಾಲು ಜರಡಿ ಹಿಡಿದ ಮಣ್ಣಿಗೆ 1 ಪಾಲು ಸಿಮೆಂಟ್ ಕಲಸಿ ಸುಮಾರು 5 ಸೆಂಟಿಮೀಟರ್ ದಪ್ಪ ಮೆತ್ತುವುದು. ವಾರವಾದರೂ ನೀರು ಚಿಮುಕಿಸಿ ಹದ ಮಾಡಬೇಕು, ಇಲ್ಲದಿದ್ದರೆ ಬಿರುಕು. ಚಿಕ್ಕ ಹೊಂಡಕ್ಕೆ ನಾನು ಇದನ್ನೇ ಹೇಳುತ್ತೇನೆ, ಯಾಕೆಂದರೆ ಬಿರುಕು ಬಿಟ್ಟರೆ ನೀವೇ ಮೆತ್ತಿಕೊಳ್ಳಬಹುದು, ಮೇಲೆ ನಡೆದರೆ ಜಾರುವುದೂ ಕಡಿಮೆ.

ಇನ್ನೊಂದು, ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಶೀಟು. 500 ಮೈಕ್ರಾನ್‌ಗಿಂತ ತೆಳ್ಳಗಿನದು ಬೇಡ. ಅಗ್ಗಕ್ಕೆ ಸಿಗುವ ತೆಳು ಶೀಟು ಎರಡನೇ ಬೇಸಿಗೆ ಕಾಣುವುದಿಲ್ಲ. ಎಷ್ಟು ತರಬೇಕು ಅನ್ನುವುದಕ್ಕೂ ಲೆಕ್ಕ ಇದೆ. 12 × 12 ಹೊಂಡದಲ್ಲಿ ತಳ 6 ಮೀಟರ್, ಎರಡೂ ಕಡೆ ಓರೆ ಗೋಡೆ 4.25ರಂತೆ 8.5 ಮೀಟರ್, ಅಂಚಿಗೆ ಎರಡೂ ಕಡೆ 1 ಮೀಟರ್. ಒಟ್ಟು 16.5 × 16.5 ಮೀಟರ್. 12 × 12 ಶೀಟು ತಂದು ಬೆಪ್ಪಾದವರೂ ಇದ್ದಾರೆ. ಕಾರ್ಖಾನೆಯಲ್ಲೇ ಬೆಸೆದ ಒಂದೇ ತುಂಡು ಕೇಳಿ, ಹೊಲದಲ್ಲಿ ಗಮ್ ಹಾಕಿ ಅಂಟಿಸಿದ ಜೋಡಣೆ ನಿಲ್ಲುವುದಿಲ್ಲ.

ಹಾಸುವ ಮುಂಚೆ ಗೋಡೆ, ತಳ ಎಲ್ಲವನ್ನೂ ಬರಿಗೈಯಲ್ಲಿ ಸವರಿ. ಕಲ್ಲು ಚೂರು, ಬೇರಿನ ಮೊನೆ, ಗಾಜು ಕೈಗೆ ಸಿಗುತ್ತದೆ. ಎಲ್ಲ ಕಿತ್ತು, ಇಲಿ ಬಿಲ, ಏಡಿ ತೂತು ಮುಚ್ಚಿ, ಜರಡಿ ಮಣ್ಣಿನ ಕೆಸರು ಮೆತ್ತಿ ನುಣುಪು ಮಾಡಿ. ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಗಾಳಿ ಇಲ್ಲದಾಗ, ಚಪ್ಪಲಿ ಬಿಟ್ಟು ಹಾಸಿ. ಬಿಗಿಯಾಗಿ ಎಳೆಯಬೇಡಿ, ಸಡಿಲ ಇರಲಿ. ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಬಿಗಿ ಇದ್ದರೆ ಮೂಲೆಯಲ್ಲಿ ಹರಿಯುತ್ತದೆ. ಅಂಚಿನಿಂದ ಒಂದೂವರೆ ಅಡಿ ದೂರದಲ್ಲಿ ಒಂದೂವರೆ ಅಡಿ ಆಳದ ಕಾಲುವೆ ತೋಡಿ, ಶೀಟಿನ ತುದಿ ಅದರೊಳಗೆ ಇಳಿಸಿ ಮಣ್ಣು ತುಳಿದು ತುಂಬಿ. ಕಲ್ಲು ಹೇರಿ ನಿಲ್ಲಿಸುವುದು ಸಾಲದು.

## ಹಂತ 9: ನೀರು ಬರುವ ಮುಂಚೆ ಬೇಲಿ

ಇದರಲ್ಲಿ ರಾಜಿ ಇಲ್ಲ. ಶೀಟು ಹಾಕಿದ ಹೊಂಡಕ್ಕೆ ಬಿದ್ದವರು ಈಜು ಬಂದರೂ ಮೇಲೆ ಹತ್ತಲಾರರು. ಪಾಚಿ ಹಿಡಿದ ಶೀಟು ಎಣ್ಣೆ ಸವರಿದ ಹಾಗೆ, ಕಾಲು ನಿಲ್ಲುವುದೇ ಇಲ್ಲ. ಕೃಷಿ ಹೊಂಡದಲ್ಲಿ ಮುಳುಗಿ ಮಕ್ಕಳು ಸತ್ತ ಸುದ್ದಿ ಪೇಪರ್‌ನಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಉಳಿಸಲು ಇಳಿದ ಅಪ್ಪನೋ ಅಣ್ಣನೋ ಜೊತೆಗೇ ಹೋಗಿರುತ್ತಾರೆ.

ಸುತ್ತಲೂ 5 ಅಡಿ ಎತ್ತರದ ಜಾಲರಿ ಬೇಲಿ, ಬೀಗ ಹಾಕುವ ಗೇಟು. ನಾಲ್ಕೂ ಗೋಡೆಗೆ ಗಂಟು ಹಾಕಿದ ದಪ್ಪ ಹಗ್ಗ ಅಥವಾ ಹಗ್ಗದ ಏಣಿ, ತಳದವರೆಗೆ, ಮೇಲೆ ಗಟ್ಟಿ ಗೂಟಕ್ಕೆ ಕಟ್ಟಿ. ಗಾಳಿ ತುಂಬಿದ ಹಳೆ ಟ್ಯೂಬು ಒಂದು ನೀರಿನ ಮೇಲೆ ಸದಾ ತೇಲುತ್ತಿರಲಿ. ಒಬ್ಬರೇ ಇರುವಾಗ ಯಾರೂ ಒಳಗೆ ಇಳಿಯಬಾರದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿ. ಬೇಲಿಗೆ ದುಡ್ಡಿಲ್ಲ ಅಂದರೆ ಈ ವರ್ಷ ಹೊಂಡಕ್ಕೆ ನೀರು ಬಿಡಬೇಡಿ.

## ಹಂತ 10: ನೀರು ಕೊಡುವ ಸಮಯ

ತುಂಬಿದ ಹೊಂಡ ಇದ್ದೂ ಬೆಳೆ ಕಳೆದುಕೊಂಡವರಿದ್ದಾರೆ. "ನಾಳೆ ಮಳೆ ಬರಬಹುದು, ನೀರು ಇರಲಿ" ಅಂತ ಕಾಯುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ಇದ್ದ ಒಂದೇ ಆಸರೆ ಖರ್ಚು ಮಾಡಲು ಕೈ ಬರುವುದಿಲ್ಲ. ಆದರೆ ರಾಗಿ ಕಾಯುವುದಿಲ್ಲ. ತೆಂಡೆ ಒಡೆಯುವಾಗ, ಅಂದರೆ ಬುಡದಿಂದ ಕವಲು ಬರುವಾಗ, ಮತ್ತು ತೆನೆ ಹೊರಟು ಹೂವಾಡುವಾಗ, ಈ ಎರಡು ಹೊತ್ತಿನಲ್ಲಿ ತೇವ ತಪ್ಪಿದರೆ ಆಮೇಲೆ ಎಷ್ಟು ಮಳೆ ಬಂದರೂ ಆದ ನಷ್ಟ ತುಂಬುವುದಿಲ್ಲ.

ನೋಡುವುದು ಹೀಗೆ. ಹತ್ತು ಹನ್ನೆರಡು ದಿನ ಮಳೆ ಇಲ್ಲ ಅಂದರೆ ಗೇಣುದ್ದ ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆ ಕಟ್ಟಿದರೆ ಕಾಯಿರಿ. ಪುಡಿಪುಡಿ ಆದರೆ ಅಂದೇ ಪಂಪು ಹಚ್ಚಿ. ಮಧ್ಯಾಹ್ನ ಎಲೆ ಸುರುಳಿ ಸುತ್ತಿ ಸಂಜೆಗೆ ಬಿಚ್ಚಿಕೊಂಡರೆ ಅದು ಮೊದಲ ಎಚ್ಚರಿಕೆ. ಬೆಳಿಗ್ಗೆ ಎದ್ದು ನೋಡಿದಾಗಲೂ ಸುರುಳಿ ಬಿಚ್ಚಿಲ್ಲ ಅಂದರೆ ಆಗಲೇ ತಡವಾಗಿದೆ.

ಎಷ್ಟು ಕೊಡಬೇಕು? ಇಲ್ಲಿ ಆ ಖಾಲಿ ಡಬ್ಬಿ ಬೇಕು. ತುಂತುರು ಹಾಯುವ ಜಾಗದಲ್ಲಿ ನಾಲ್ಕು ಕಡೆ ಇಡಿ. ಡಬ್ಬಿಯಲ್ಲಿ ಒಂದು ಇಂಚು ನೀರು ನಿಂತರೆ 25 ಮಿಲಿಮೀಟರ್ ಆಯಿತು, ಪೈಪು ಮುಂದಕ್ಕೆ ಸರಿಸಿ. ಸಂಜೆ ಅಥವಾ ಬೆಳಗಿನ ಜಾವ, ಗಾಳಿ ಕಡಿಮೆ ಇದ್ದಾಗ ಹಚ್ಚಿ. ಕಾಲುವೆಯಲ್ಲಿ ಹಾಯಿಸಬೇಡಿ, ಕೆಂಪು ಮಣ್ಣಿನಲ್ಲಿ ಅರ್ಧ ನೀರು ದಾರಿಯಲ್ಲೇ ಇಂಗುತ್ತದೆ. ನೀರು ಕಡಿಮೆ ಇದ್ದರೆ ಎರಡು ಎಕರೆಗೂ ಚಿಮುಕಿಸಲು ಹೋಗಬೇಡಿ, ಚೆನ್ನಾಗಿರುವ ಅರ್ಧ ಎಕರೆ ಆರಿಸಿ ಪೂರ್ತಿ ಕೊಡಿ. ಮನೆಗೆ ಹಿಟ್ಟಿಗಾದರೂ ಆಗುತ್ತದೆ.

ಪಂಪಿನ ಫುಟ್‌ವಾಲ್ವನ್ನು, ಅಂದರೆ ನೀರು ಎಳೆಯುವ ಪೈಪಿನ ತುದಿಯ ಕವಾಟವನ್ನು, ತಳಕ್ಕೆ ಬಿಡಬೇಡಿ. ಖಾಲಿ ಕ್ಯಾನಿಗೆ ಕಟ್ಟಿ ನೀರಿನ ಮೇಲ್ಮೈಯಿಂದ ಎರಡು ಅಡಿ ಕೆಳಗೆ ತೂಗಲಿ. ಶೀಟೂ ಉಳಿಯುತ್ತದೆ, ಹೂಳೂ ಬರುವುದಿಲ್ಲ. ಹನಿ ನೀರಾವರಿಗೆ ಹಾಕುವುದಾದರೆ ಮರಳಿನ ಫಿಲ್ಟರ್ ಬೇಕೇ ಬೇಕು.

ಇನ್ನೊಂದು ವಿಷಯ, ಹೊಂಡ ಇದೆ ಅಂತ ಬೆಳೆ ಬದಲಾಯಿಸಬೇಡಿ. ಟೊಮೆಟೊ, ಬಾಳೆ ಅಂತ ಹೋದರೆ 2.5 ಲಕ್ಷ ಲೀಟರ್ ಎಲ್ಲಿಗೂ ಸಾಲದು. ಮಳೆ ತಡವಾದರೆ ತಳಿ ಬದಲಾಯಿಸಿ. ಜುಲೈ ಮುಗಿಯುವವರೆಗೆ ಜಿಪಿಯು-28 ಥರದ ರಾಗಿ ತಳಿ ನಡೆಯುತ್ತದೆ, ಆಗಸ್ಟ್‌ಗೆ ಹೋದರೆ ಜಿಪಿಯು-48ರಂತಹ ಬೇಗ ಬರುವ ತಳಿ. ಹಸ್ತ, ಚಿತ್ತ ಮಳೆಗೆ ಹೊಂಡ ಮತ್ತೆ ತುಂಬಿದರೆ ಆ ನೀರು ತೊಗರಿ, ಅವರೆ ಹೂವಿಗೆ, ದನಕರುಗಳಿಗೆ.

## ಹಂತ 11: ವರ್ಷವಿಡೀ ನೋಡಬೇಕಾದ ಗುರುತುಗಳು

ನೀರು ದಿನಕ್ಕೆ ಅರ್ಧ ಸೆಂಟಿಮೀಟರ್ ಇಳಿಯುವುದು ಬಿಸಿಲಿನ ಲೆಕ್ಕ, ಅದು ಸಹಜ. ಗೋಡೆಗೆ ಬಣ್ಣದಲ್ಲಿ ಅಳತೆ ಗುರುತು ಹಾಕಿಡಿ. ದಿನಕ್ಕೆ ಎರಡು ಮೂರು ಸೆಂಟಿಮೀಟರ್ ಇಳಿದರೆ ಎಲ್ಲೋ ತೂತಾಗಿದೆ. ಒಂದು ಮಟ್ಟಕ್ಕೆ ಬಂದು ಇಳಿಯುವುದು ನಿಂತರೆ ತೂತು ಆ ಮಟ್ಟದಲ್ಲೇ ಇದೆ, ಅಲ್ಲಿ ಸುತ್ತ ಹುಡುಕಿ.

ಶೀಟು ಎಲ್ಲಾದರೂ ಉಬ್ಬಿದರೆ ಹಿಂದೆ ನೀರೋ ಗಾಳಿಯೋ ಸೇರಿದೆ. ಏರಿಯ ಹೊರಗಡೆ ಬೇಸಿಗೆಯಲ್ಲೂ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ ಅಲ್ಲಿ ಸೋರುತ್ತಿದೆ. ಗೋಡೆಯ ಅಂಚಿನಲ್ಲಿ ಉದ್ದಕ್ಕೆ ಬಿರುಕು ಕಂಡರೆ ಕುಸಿತದ ಸೂಚನೆ, ಆ ಕಡೆ ಯಾರೂ ನಿಲ್ಲಬೇಡಿ, ಮೇಲಿರುವ ಮಣ್ಣಿನ ಭಾರ ಮೊದಲು ತೆಗೆಸಿ.

ಬೇಸಿಗೆಯಲ್ಲಿ ಹೊಂಡ ಪೂರ್ತಿ ಬರಿದು ಮಾಡಬೇಡಿ, ತಳದಲ್ಲಿ ಒಂದು ಅಡಿ ನೀರು ಇರಲಿ, ಗಾಳಿಗೆ ಶೀಟು ಎದ್ದು ಬಡಿದುಕೊಳ್ಳುವುದಿಲ್ಲ. ಒಳಗೆ ಹೂಳು ಕೂತಿದ್ದರೆ ಗುದ್ದಲಿ ತಾಗಿಸಬೇಡಿ, ಪ್ಲಾಸ್ಟಿಕ್ ಬುಟ್ಟಿ, ಕೈ, ಅಷ್ಟೇ. ಇಬ್ಬರು ಮೇಲೆ ಹಗ್ಗ ಹಿಡಿದಿರಲಿ.

ಹೂಳು ಗುಂಡಿಯನ್ನು ಪ್ರತಿ ದೊಡ್ಡ ಮಳೆ ಆದ ಮೇಲೆ ಇಣುಕಿ ನೋಡಿ, ಅರ್ಧ ತುಂಬಿದ್ದರೆ ಬಾಚಿ. ಬಾಚಿದ ಗೋಡು ಮಣ್ಣನ್ನು ಬದುವಿನ ಆಚೆ ಎಸೆಯಬೇಡಿ, ಮಂಕರಿಯಲ್ಲಿ ಹೊತ್ತು ಹೊಲದ ಮೇಲ್ಭಾಗಕ್ಕೆ ಹಾಕಿ. ಏಪ್ರಿಲ್ ಎರಡನೇ ವಾರದ ಒಳಗೆ, ಭರಣಿ ಮಳೆಗೆ ಮುಂಚೆ, ಗುಂಡಿ ಪೂರ್ತಿ ಖಾಲಿ ಇರಬೇಕು, ಪೈಪಿನ ಬಾಯಲ್ಲಿ ಕಸ ಇರಬಾರದು, ಹಗ್ಗ ಎಳೆದು ನೋಡಿ ಗಟ್ಟಿ ಇರಬೇಕು.